ಮಗು ಅತ್ತರೆ ಒಂದೇ ಬಟನ್: ಪುಟ್ಟ ಮಕ್ಕಳಿರುವವರಿಗೆ ಹ್ಯಾಂಡ್‌ಹೆಲ್ಡ್ ಗೇಮ್ ಕನ್ಸೋಲ್ ಮಾರ್ಗದರ್ಶಿ

ಮಗು ಹುಟ್ಟಿದ ಮೇಲೆ ಗೇಮ್ ಆಡಲು ಪುರುಸೊತ್ತೇ ಇಲ್ಲ ಎನ್ನುವವರ ಮಾತು ಅರ್ಧ ಮಾತ್ರ ನಿಜ. ಪುರುಸೊತ್ತು ಚೂರುಚೂರಾಗಿ ದಿನವಿಡೀ ಸಿಗುತ್ತಲೇ ಇರುತ್ತದೆ. ಹಾಲು ಕುಡಿಯುತ್ತಲೇ ಮಗು ನಿದ್ದೆಗೆ ಜಾರಿದ ಹತ್ತು ನಿಮಿಷ, ತೊಟ್ಟಿಲಿಗೆ ಇಳಿಸಿದರೆ ಎಲ್ಲಿ ಎದ್ದುಬಿಡುತ್ತದೋ ಎಂದು ತೋಳಲ್ಲೇ ಹಿಡಿದು ಕೂತ ಅರ್ಧ ಗಂಟೆ, ಲಸಿಕೆಗೆ ಸರದಿ ಕಾಯುವ ಹೊತ್ತು. ಯಾವಾಗ ಶುರುವಾಗುತ್ತದೆ, ಯಾವಾಗ ಮುಗಿಯುತ್ತದೆ ಎಂದು ಮೊದಲೇ ಗೊತ್ತಿರುವ ಬಿಡುವು ಮಾತ್ರ ಸಿಗುವುದಿಲ್ಲ. ಟಿವಿಗೆ ಜೋಡಿಸುವ ದೊಡ್ಡ ಕನ್ಸೋಲ್ ಕೇಳುವುದು ಇಂಥ ಬಿಡುವನ್ನೇ. ಹಾಲ್‌ಗೆ ಹೋಗಬೇಕು, ಟಿವಿ ಖಾಲಿ ಇರಬೇಕು, ಸದ್ದು ಮಾಡಿದರೂ ನಡೆಯಬೇಕು, ಎರಡೂ ಕೈ ಬಿಡುವಾಗಿರಬೇಕು. ಇಷ್ಟೆಲ್ಲ ಕೂಡಿಬರುವಷ್ಟರಲ್ಲಿ ಮಗು ಎದ್ದಿರುತ್ತದೆ.

ಕೈಯಲ್ಲೇ ಹಿಡಿದು ಆಡುವ ಹ್ಯಾಂಡ್‌ಹೆಲ್ಡ್ ಕನ್ಸೋಲ್ ಪುಟ್ಟ ಮಕ್ಕಳ ತಂದೆತಾಯಿಗೆ ಹೊಂದುವುದು ಅದು ಬ್ಯಾಗಿನಲ್ಲಿ ಹಿಡಿಸುತ್ತದೆ ಅನ್ನುವ ಕಾರಣಕ್ಕಲ್ಲ. ಅಸಲಿ ಗುಣ ಇರುವುದು ಅದರ ಪವರ್ ಬಟನ್‌ನಲ್ಲಿ. ಒಮ್ಮೆ ಒತ್ತಿದರೆ ಆಟ ಇದ್ದ ಜಾಗದಲ್ಲೇ ನಿಲ್ಲುತ್ತದೆ. ಎರಡು ಗಂಟೆ ಬಿಟ್ಟು ಮತ್ತೆ ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. 1989ರ ಗೇಮ್ ಬಾಯ್‌ಗೆ ಈ ಸೌಲಭ್ಯ ಇರಲಿಲ್ಲ, ಆಫ್ ಮಾಡಿದರೆ ಮುಗಿಯಿತು. 2004ರಲ್ಲಿ ಬಂದ ನಿಂಟೆಂಡೊ ಡಿಎಸ್ ಮುಚ್ಚಳ ಮುಚ್ಚಿದರೆ ಸಾಕು, ನಿದ್ದೆಗೆ ಜಾರುತ್ತಿತ್ತು. ಈಗಿನ ಯಂತ್ರಗಳಲ್ಲಿ ಇದು ಹೆಚ್ಚುಕಡಿಮೆ ಎಲ್ಲೆಡೆ ಇದೆ, ಆದರೆ ಎಲ್ಲದರಲ್ಲೂ ಒಂದೇ ಮಟ್ಟದಲ್ಲಿಲ್ಲ. ಯಂತ್ರ ಯಾವುದು, ಆಟ ಯಾವುದು, ಸೆಟ್ಟಿಂಗ್ ಹೇಗಿರಬೇಕು ಎಂಬ ಎಲ್ಲ ತೀರ್ಮಾನಕ್ಕೂ ಮುಂದೆ ನಾನು ಬಳಸುವ ಅಳತೆಗೋಲು ಒಂದೇ: ನಡುವೆ ಎದ್ದುಹೋದರೆ ಏನು ಕಳೆದುಕೊಳ್ಳುತ್ತೀರಿ?

ಹಂತ 1: ಯಾವ ಭಂಗಿಯಲ್ಲಿ ಆಡುತ್ತೀರಿ ನೋಡಿಕೊಳ್ಳಿ

ಅಂಗಡಿಗೋ ಆನ್‌ಲೈನ್ ಪಟ್ಟಿಗೋ ಹೋಗುವ ಮೊದಲು ಒಂದೆರಡು ದಿನ ನಿಮ್ಮನ್ನೇ ಗಮನಿಸಿಕೊಳ್ಳಿ. ಬಿಡುವು ಸಿಕ್ಕಾಗ ಎಲ್ಲಿರುತ್ತೀರಿ? ಕೈಗಳು ಎಲ್ಲಿರುತ್ತವೆ?

ಹಸುಗೂಸಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಬೇಕು. ಅಂದರೆ ಮೊದಲ ತಿಂಗಳುಗಳಲ್ಲಿ ನಿಮ್ಮ ಬಿಡುವಿನ ಬಹುಪಾಲು ಒಂದು ಕೈ ಮಗುವಿನ ಕೆಳಗಿರುವ ಬಿಡುವು. ಆ ಹೊತ್ತಿಗೆ ಬೇಕಾದದ್ದು ಒಂದೇ ಕೈಯಲ್ಲಿ ಆಡಬಹುದಾದ ಆಟ, ಹಗುರವಾದ ಯಂತ್ರ. ಮಗುವಿಗೆ ಎಂಟು ಹತ್ತು ತಿಂಗಳಾಗಿ ಅಂಬೆಗಾಲಿಡತೊಡಗಿದರೆ ಚಿತ್ರವೇ ಬೇರೆ. ಕೈ ಬಿಡುವಾಗುತ್ತದೆ, ಕಣ್ಣು ಬಿಡುವಾಗುವುದಿಲ್ಲ. ಆ ವಯಸ್ಸಿನ ಮಗು ಎಚ್ಚರವಿರುವಾಗ ಯಾವ ಗೇಮೂ ಬೇಡ, ಅದು ನಿದ್ದೆ ಹೋದ ಮೇಲಿನ ಹೊತ್ತೇ ನಿಮ್ಮದು. ಎರಡು ವರ್ಷ ದಾಟಿದ ಮೇಲೆ ಹಗಲು ನಿದ್ದೆ ಒಂದಕ್ಕೆ ಇಳಿದಿರುತ್ತದೆ, ಆದರೆ ಆ ಒಂದು ನಿದ್ದೆ ಸ್ವಲ್ಪ ಉದ್ದ.

ಇದನ್ನು ಮೊದಲೇ ಯೋಚಿಸಿ ಎನ್ನಲು ಕಾರಣವಿದೆ. ಮೊದಲ ಮೂರು ತಿಂಗಳಿಗೆ ಅತ್ಯುತ್ತಮವಾದ ಯಂತ್ರ ಮೂರನೇ ವರ್ಷಕ್ಕೂ ಅತ್ಯುತ್ತಮ ಆಗಿರಬೇಕಿಲ್ಲ. ಎರಡಕ್ಕೂ ಒಂದನ್ನೇ ಕೊಳ್ಳುವುದಾದರೆ ಟಿವಿಗೂ ಜೋಡಿಸಲು ಬರುವುದನ್ನೇ ನೋಡಿ.

ಫೋನ್ ಇದೆಯಲ್ಲ, ಬೇರೆ ಯಂತ್ರ ಯಾಕೆ ಅನ್ನಬಹುದು. ಫೋನಿನಲ್ಲಿ ಆಟದ ನಡುವೆ ಆಫೀಸಿನ ಮೆಸೇಜು ಬರುತ್ತದೆ, ಜಾಹೀರಾತು ಬರುತ್ತದೆ. ನಾಲ್ಕು ಗಂಟೆಗೊಮ್ಮೆ ಬಂದು ಬಹುಮಾನ ತೆಗೆದುಕೊಂಡು ಹೋಗಿ ಎಂದು ಪೀಡಿಸುವ ಆಟಗಳೂ ಅಲ್ಲೇ ಹೆಚ್ಚು. ಈಗಾಗಲೇ ಒಬ್ಬರು ಗಂಟೆಗೊಮ್ಮೆ ಕರೆಯುತ್ತಿರುವ ಮನೆಯಲ್ಲಿ ಕರೆಯುವವರು ಇನ್ನೊಬ್ಬರು ಬೇಡ. ಹ್ಯಾಂಡ್‌ಹೆಲ್ಡ್‌ನಲ್ಲಿ ಆಟ ಬಿಟ್ಟರೆ ಮಾಡಲು ಹೆಚ್ಚೇನೂ ಇಲ್ಲ ಎನ್ನುವುದೇ ಅದರ ಸುಖ.

ಹಂತ 2: ಯಂತ್ರ ಆರಿಸುವುದು

ನೋಡಬೇಕಾದ್ದು ನಾಲ್ಕು: ನಿದ್ದೆ, ತೂಕ, ಕಂಟ್ರೋಲರ್ ಬಿಚ್ಚಿಕೊಳ್ಳುತ್ತದೆಯೇ ಎಂಬುದು, ಬ್ಯಾಟರಿ. ಗ್ರಾಫಿಕ್ಸ್ ಐದನೆಯದು. ರಾತ್ರಿ ಎರಡು ಗಂಟೆಗೆ ಮಬ್ಬು ಬೆಳಕಿನಲ್ಲಿ ನೋಡುವ ಸ್ಕ್ರೀನಿಗೆ ರೆಸಲ್ಯೂಶನ್ ದೊಡ್ಡ ವಿಷಯವಲ್ಲ.

ನಿಂಟೆಂಡೊ ಸ್ವಿಚ್ 2017ರ ಮಾರ್ಚ್‌ನಲ್ಲಿ ಬಂತು. ಹೊಸ ತಂದೆತಾಯಿಗೆ ಇಂದಿಗೂ ನಾನು ಮೊದಲು ಹೇಳುವುದು ಈ ಕುಟುಂಬದ ಯಂತ್ರಗಳನ್ನೇ. ಇದರ ಸ್ಲೀಪ್ ಮೋಡ್ ನಂಬಿಕಸ್ಥ, ಕ್ಷಣದಲ್ಲಿ ಮಲಗುತ್ತದೆ, ಕ್ಷಣದಲ್ಲಿ ಏಳುತ್ತದೆ. ಇನ್ನೂ ದೊಡ್ಡ ವಿಷಯವೆಂದರೆ ಎರಡು ಪಕ್ಕದ ಜಾಯ್-ಕಾನ್ ಕಂಟ್ರೋಲರ್‌ಗಳು ಬಿಚ್ಚಿಕೊಳ್ಳುತ್ತವೆ. ಸ್ಕ್ರೀನನ್ನು ಹಿಂಬದಿಯ ಸ್ಟ್ಯಾಂಡ್ ಮೇಲೆ ಮೇಜಿನಲ್ಲಿ ನಿಲ್ಲಿಸಿ, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಎಡಗೈಯಲ್ಲೊಂದು ಬಲಗೈಯಲ್ಲೊಂದು ಹಿಡಿದು ಆಡಬಹುದು. ಎರಡೂ ಕೈಗಳನ್ನು ಒಂದೇ ಕಡೆ ತರುವ ಅಗತ್ಯವೇ ಇಲ್ಲ. ಮಗುವಿನ ತಲೆ ಮೊಣಕೈ ಮೇಲೆ, ನಿಮ್ಮ ಹೆಬ್ಬೆರಳು ಸ್ಟಿಕ್ ಮೇಲೆ. ಮಗುವನ್ನು ಮನಸ್ಸಿನಲ್ಲಿಟ್ಟು ಮಾಡಿದ ವಿನ್ಯಾಸ ಇದಲ್ಲದಿರಬಹುದು, ಆದರೆ ಇದಕ್ಕಿಂತ ಚೆನ್ನಾಗಿ ಹೊಂದುವುದನ್ನು ನಾನು ಕಂಡಿಲ್ಲ.

ಆ ಸ್ಟ್ಯಾಂಡ್ ಮೊದಲ ಮಾದರಿಯಲ್ಲಿ ಒಂದು ಸಣ್ಣ ಕಡ್ಡಿ, ಸ್ವಲ್ಪ ತಾಗಿದರೂ ಯಂತ್ರ ಮಗುಚುತ್ತದೆ. 2021ರ ಅಕ್ಟೋಬರ್‌ನಲ್ಲಿ ಬಂದ ಓಎಲ್‌ಇಡಿ ಮಾದರಿಯಲ್ಲಿ ಇಡೀ ಬೆನ್ನಿನ ಅಗಲಕ್ಕೆ ಸ್ಟ್ಯಾಂಡ್ ಇದೆ, ಗಟ್ಟಿಯಾಗಿ ನಿಲ್ಲುತ್ತದೆ. ಅದರ ಸ್ಕ್ರೀನ್ 7 ಇಂಚು, ಕಂಟ್ರೋಲರ್ ಸೇರಿ ತೂಕ ಸುಮಾರು 420 ಗ್ರಾಂ, ಬ್ಯಾಟರಿ ಆಟವನ್ನು ಅವಲಂಬಿಸಿ ನಾಲ್ಕೂವರೆಯಿಂದ ಒಂಬತ್ತು ಗಂಟೆ. ಕತ್ತಲೆ ಕೋಣೆಗೆ ಓಎಲ್‌ಇಡಿಯದು ಇನ್ನೊಂದು ಲಾಭ: ಕಪ್ಪು ಇರುವ ಕಡೆ ಸ್ಕ್ರೀನ್ ಬೆಳಕನ್ನೇ ಬಿಡುವುದಿಲ್ಲ. 2019ರ ಸ್ವಿಚ್ ಲೈಟ್ ಕೇವಲ 275 ಗ್ರಾಂ, ಒಂದೇ ಕೈಯಲ್ಲಿ ಎತ್ತಿ ಹಿಡಿಯಲು ಈ ಕುಟುಂಬದಲ್ಲಿ ಅದಕ್ಕಿಂತ ಸುಲಭದ್ದಿಲ್ಲ. ಆದರೆ ಅದರ ಕಂಟ್ರೋಲರ್ ಬಿಚ್ಚುವುದಿಲ್ಲ, ಟಿವಿಗೂ ಜೋಡಿಸಲು ಬರುವುದಿಲ್ಲ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಬಲಶಾಲಿ, ಸ್ಕ್ರೀನ್ 7.9 ಇಂಚು, ಸ್ಟೋರೇಜ್ 256 ಜಿಬಿ. ಆದರೆ ತೂಕ 534 ಗ್ರಾಂಗೆ ಏರಿದೆ, ಬ್ಯಾಟರಿ ಎರಡರಿಂದ ಆರೂವರೆ ಗಂಟೆಗೆ ಇಳಿದಿದೆ. ಹಸುಗೂಸು ಇರುವ ಮನೆಗೆ ಹಳೆಯ ಓಎಲ್‌ಇಡಿ ಮಾದರಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಮಗು ದೊಡ್ಡದಾಗಿ, ಜೊತೆಯಲ್ಲಿ ಕೂತು ಆಡುವ ಕಾಲ ಬಂದಿದ್ದರೆ ಸ್ವಿಚ್ 2.

ಕಂಪ್ಯೂಟರ್ ಆಟಗಳ ದೊಡ್ಡ ಸಂಗ್ರಹ ಈಗಾಗಲೇ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಇದ್ದರೆ ಲೆಕ್ಕ ಬೇರೆ. ಮಗು ಬರುವ ಮೊದಲು ಕೊಂಡು, ಆಡಲಾಗದೆ ಬಿಟ್ಟ ಆಟಗಳು ಅಲ್ಲಿ ರಾಶಿ ಬಿದ್ದಿರುತ್ತವೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಅವನ್ನೆಲ್ಲ ಕೈಗೆ ತಂದುಕೊಡುತ್ತದೆ, ಹೊಸದಾಗಿ ಕೊಳ್ಳಬೇಕಿಲ್ಲ. ಸ್ಲೀಪ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಂಪ್ಯೂಟರ್‌ನಲ್ಲಿ ಬಿಟ್ಟ ಆಟವನ್ನು ಕ್ಲೌಡ್ ಸೇವ್ (ಆಡಿದಷ್ಟನ್ನು ಇಂಟರ್ನೆಟ್‌ನಲ್ಲಿ ಉಳಿಸಿಡುವುದು) ಮೂಲಕ ಇಲ್ಲಿ ಮುಂದುವರಿಸಬಹುದು. ಹಿಂಬದಿಯಲ್ಲಿ ನಾಲ್ಕು ಬಟನ್‌ಗಳಿವೆ, ಯಾವುದಕ್ಕೆ ಯಾವ ಕೆಲಸ ಬೇಕೋ ಹಂಚಬಹುದು. ಕೊರತೆ ತೂಕದ್ದು. ಎಲ್‌ಸಿಡಿ ಮಾದರಿ 669 ಗ್ರಾಂ, 2023ರ ಓಎಲ್‌ಇಡಿ ಮಾದರಿ 640 ಗ್ರಾಂ. ಕಂಟ್ರೋಲರ್ ಬಿಚ್ಚುವುದಿಲ್ಲ. ಮಗು ತೋಳಲ್ಲಿರುವಾಗ ಇದು ಆಗದ ಮಾತು, ಮಗು ಮಲಗಿದ ಮೇಲೆ ದಿಂಬಿಗೆ ಒರಗಿ ಆಡಲು ಬಹಳ ಚೆನ್ನ.

ವಿಂಡೋಸ್ ಮೇಲೆ ನಡೆಯುವ ಹ್ಯಾಂಡ್‌ಹೆಲ್ಡ್‌ಗಳ ಬಗ್ಗೆ ಹುಷಾರು. ಶಕ್ತಿಗೇನೂ ಕಡಿಮೆಯಿಲ್ಲ. ಆದರೆ ವಿಂಡೋಸ್‌ನ ನಿದ್ದೆ ಕನ್ಸೋಲಿನ ನಿದ್ದೆಯಷ್ಟು ಖಚಿತವಲ್ಲ, ಅಪ್‌ಡೇಟ್‌ಗಳ ಕಾಟ ಬೇರೆ. ಅಂಗಡಿಯಲ್ಲಿ ಗ್ರಾಫಿಕ್ಸ್ ನೋಡಿ ಮನಸೋಲುವ ಮುನ್ನ ಆಟದ ನಡುವೆ ಪವರ್ ಬಟನ್ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿ ನೋಡಿ.

ಪ್ಲೇಸ್ಟೇಷನ್ ಪೋರ್ಟಲ್ ಮೂಲತಃ ಮನೆಯಲ್ಲಿರುವ ಪ್ಲೇಸ್ಟೇಷನ್ 5ರ ಆಟವನ್ನು ವೈಫೈ ಮೂಲಕ ತೋರಿಸುವ ಸ್ಕ್ರೀನ್. ಟಿವಿಯನ್ನು ಬೇರೆಯವರು ನೋಡುತ್ತಿರುವಾಗ, ಮಗು ಮಲಗಿದ ಕೋಣೆಯಲ್ಲಿ ಕೂತು ಆಡಲು ಅದು ಒಳ್ಳೆಯದು. ವೈಫೈ ಗಟ್ಟಿಯಿಲ್ಲದ ಕಡೆ ಪ್ರಯೋಜನವಿಲ್ಲ. ಹಳೆಯ ಕಾಲದ ಆಟಗಳನ್ನು ಆಡಿಸುವ ಅಂಗೈ ಗಾತ್ರದ ಅಗ್ಗದ ಯಂತ್ರಗಳೂ ಇವೆ. ತೂಕ ಇಲ್ಲವೇ ಇಲ್ಲ ಎನ್ನಬೇಕು, ಯಾವ ಕ್ಷಣದಲ್ಲಿ ಬೇಕಾದರೂ ಸೇವ್ ಮಾಡಬಹುದು. ಆದರೆ ಅವುಗಳ ಜೊತೆ ಸಾವಿರಾರು ಆಟ ತುಂಬಿಸಿ ಮಾರುವವರಿಗೆ ಆ ಆಟಗಳ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ಗೊತ್ತಿರಲಿ. ನಿಂಟೆಂಡೊದ ಹಳೆಯ ಹ್ಯಾಂಡ್‌ಹೆಲ್ಡ್ 3ಡಿಎಸ್ ಅನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಮಾತು: ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲೇ ಮುಚ್ಚಿದೆ, ಇನ್ನು ಆಟ ತುಂಬಿದ ಪುಟ್ಟ ಕಾರ್ಡು, ಅಂದರೆ ಕಾರ್ಟ್ರಿಡ್ಜ್ ಹುಡುಕಿಕೊಂಡೇ ಆಡಬೇಕು.

ಹಂತ 3: ಆಟ ಆರಿಸುವುದು

ಯಂತ್ರಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಒಳ್ಳೆಯ ಆಟಗಳ ಪಟ್ಟಿಗಳನ್ನು ಮಾಡುವವರು ಸಾಮಾನ್ಯವಾಗಿ ಸಂಜೆಯಿಡೀ ಬಿಡುವಿರುವವರು. ನೀವು ಮೂರು ಪ್ರಶ್ನೆ ಕೇಳಿ.

ನಡುವೆ ನಿಲ್ಲಿಸಲು ಬರುತ್ತದೆಯೇ? ಸ್ಲೀಪ್ ಮೋಡ್ ಹೆಚ್ಚಿನ ಆಟಗಳನ್ನು ನಿಲ್ಲಿಸುತ್ತದೆ. ಆದರೆ ಇಂಟರ್ನೆಟ್ ಮೂಲಕ ಬೇರೆಯವರೊಡನೆ ಆಡುತ್ತಿದ್ದರೆ ಸ್ಲೀಪ್ ಎಂದರೆ ಸಂಪರ್ಕ ಕಡಿತ. ನಿಮ್ಮ ತಂಡದವರು ನಡುನೀರಿನಲ್ಲಿ ಉಳಿಯುತ್ತಾರೆ, ಪದೇಪದೇ ಹೀಗಾದರೆ ಕೆಲವು ಆಟಗಳು ಸ್ವಲ್ಪ ಹೊತ್ತು ನಿಮ್ಮನ್ನು ಹೊರಗಿಡುತ್ತವೆ. ಆನ್‌ಲೈನ್ ಸ್ಪರ್ಧೆಯ ಆಟಗಳನ್ನು ಮಗು ರಾತ್ರಿಯಿಡೀ ಮಲಗುವವರೆಗೆ ಮುಂದೂಡಿ. ಎಲ್ಡನ್ ರಿಂಗ್‌ನಂಥ ಆಟದಲ್ಲಿ ಆಟವನ್ನು ತಡೆದು ನಿಲ್ಲಿಸುವ ಪಾಸ್ ಬಟನ್ನೇ ಇಲ್ಲ. ಅಂಥದ್ದನ್ನು ಸ್ಟೀಮ್ ಡೆಕ್‌ನಲ್ಲಿ ಆಫ್‌ಲೈನ್ ಆಗಿ ಆಡಿದರೆ ಯಂತ್ರದ ಪವರ್ ಬಟನ್ನೇ ನಿಮ್ಮ ಪಾಸ್ ಬಟನ್.

ಸೇವ್ ಯಾವಾಗ ಆಗುತ್ತದೆ? ಇದು ಮೇಲಿನ ಪ್ರಶ್ನೆಯೇ ಅನ್ನಿಸಬಹುದು, ಅಲ್ಲ. ಸ್ಲೀಪ್ ಎಂದರೆ ಸೇವ್ ಅಲ್ಲ. ಮಲಗಿದ ಯಂತ್ರದ ಬ್ಯಾಟರಿ ಪೂರ್ತಿ ಇಳಿದರೆ ಕೊನೆಯ ಸೇವ್ ನಂತರದ್ದೆಲ್ಲ ಹೋಯಿತು. ಸ್ವಿಚ್‌ನಲ್ಲಿ ಇನ್ನೊಂದು ತೊಡಕಿದೆ. ಒಂದು ಸಲಕ್ಕೆ ಒಂದೇ ಆಟ ತೆರೆದಿರಬಹುದು. ನೀವು ನಡುವೆ ಬಿಟ್ಟುಹೋದ ಯಂತ್ರವನ್ನು ಮನೆಯ ಇನ್ನೊಬ್ಬರು ಎತ್ತಿಕೊಂಡು ಬೇರೆ ಆಟ ತೆರೆದರೆ ನಿಮ್ಮದು ಮುಚ್ಚುತ್ತದೆ. ಸ್ಟಾರ್‌ಡ್ಯೂ ವ್ಯಾಲಿ ಎಷ್ಟೇ ಹಿತವಾದ ಆಟವಾದರೂ ಕನ್ಸೋಲ್‌ಗಳಲ್ಲಿ ಸೇವ್ ಆಗುವುದು ಆಟದೊಳಗಿನ ದಿನ ಮುಗಿದು ಪಾತ್ರ ಮಲಗಿದಾಗಲೇ. ಆ ಒಂದು ದಿನ ಹೊರಗಿನ ಲೆಕ್ಕದಲ್ಲಿ ಸುಮಾರು ಹದಿನಾಲ್ಕು ನಿಮಿಷ. ಹದಿನಾಲ್ಕು ನಿಮಿಷ ಕೂತಲ್ಲೇ ಸಿಗುವ ಮನೆಗೆ ಅದು ಸರಿ, ಯಂತ್ರವನ್ನು ಇಬ್ಬರು ಹಂಚಿಕೊಳ್ಳುವ ಮನೆಗೆ ಜಗಳದ ಮೂಲ. ಝೆಲ್ಡಾ ಸರಣಿಯ ಬ್ರೆತ್ ಆಫ್ ದ ವೈಲ್ಡ್ ಇದಕ್ಕೆ ತದ್ವಿರುದ್ಧ. ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ನಿಂತು ಸೇವ್ ಮಾಡಬಹುದು, ತಾನಾಗಿಯೂ ಆಗಾಗ ಸೇವ್ ಮಾಡಿಕೊಳ್ಳುತ್ತದೆ.

ವಾರ ಬಿಟ್ಟು ಬಂದರೆ ಎಲ್ಲಿದ್ದೆ ಎಂಬುದು ನೆನಪಾಗುತ್ತದೆಯೇ? ನಿದ್ದೆಗೆಟ್ಟ ತಲೆಗೆ ಇದು ಮುಖ್ಯ. ಇಪ್ಪತ್ತು ಪಾತ್ರಗಳ ಹೆಸರು, ಐದು ರಾಜ್ಯಗಳ ವೈರ, ಹನ್ನೊಂದು ಬಟನ್‌ಗಳ ಕೈಚಳಕ ಇರುವ ಮಹಾಕಥೆಯನ್ನು ಮಗುವಿನ ಮೊದಲ ವರ್ಷಕ್ಕೆ ಶುರುಮಾಡಬೇಡಿ. ಹಲ್ಲು ಬರುವ ವಾರ ಒಂದು ಬಂತೆಂದರೆ ಎಲ್ಲ ಮರೆತಿರುತ್ತದೆ.

ಹಾಗಾದರೆ ಯಾವುದು? ಒಂದೊಂದೇ ನಡೆ ಯೋಚಿಸಿ ಇಡುವ ಸರದಿಯ ಆಟಗಳು ಮೊದಲ ಸ್ಥಾನಕ್ಕೆ. ನಿಮ್ಮ ಸರದಿ ಬಂದಾಗ ಶತ್ರು ತಣ್ಣಗೆ ಕಾಯುತ್ತಾನೆ. ಎಷ್ಟು ಹೊತ್ತು ಡೈಪರ್ ಬದಲಿಸಿದರೂ ಅವನಿಗೆ ಬೇಸರವಿಲ್ಲ. ಇಸ್ಪೀಟಿನಂತೆ ಎಲೆಗಳಿಟ್ಟು ಹೋರಾಡುವ ಸ್ಲೇ ದ ಸ್ಪೈರ್, ಪೋಕರ್ ಕೈಗಳನ್ನೇ ತಿರುವುಮುರುವು ಮಾಡಿದ 2024ರ ಬಲಾಟ್ರೊ, ಎಂಟಕ್ಕೆಂಟು ಮನೆಗಳ ಪುಟ್ಟ ಹಾಸಿನ ಮೇಲೆ ನಡೆಯುವ ಇನ್‌ಟು ದ ಬ್ರೀಚ್ ಈ ಜಾತಿಯವು. ಟೆಟ್ರಿಸ್ ಬಗೆಯವು, ಅಂಕಿಗಳ ಸುಳಿವು ಹಿಡಿದು ಚೌಕ ತುಂಬಿಸುವ ಪಿಕ್ರಾಸ್ ಬಗೆಯ ಒಗಟುಗಳು ಒಂದೇ ಕೈಗೂ ಸಾಕು, ಅರ್ಧ ನಿದ್ದೆಯ ತಲೆಗೂ ಸಾಕು.

ಕೈಚಳಕದ ಆಟವೇ ಬೇಕೆನ್ನುವವರಿಗೆ ಹೇಡಿಸ್ ಹೇಳುತ್ತೇನೆ. ಒಂದು ಸುತ್ತು ಅರ್ಧ ಗಂಟೆಯ ಆಸುಪಾಸು. ನಡುವೆ ಬಿಟ್ಟುಬಂದರೂ ಕೊನೆಯ ಕೋಣೆಯ ಬಾಗಿಲಿನಿಂದ ಮತ್ತೆ ಶುರು. ಅದರಲ್ಲಿ ಗಾಡ್ ಮೋಡ್ ಎಂಬ ಆಯ್ಕೆ ಇದೆ, ಸೋತ ಹಾಗೆಲ್ಲ ನಿಮ್ಮ ಪಾತ್ರ ಇನ್ನಷ್ಟು ಗಟ್ಟಿಯಾಗುತ್ತದೆ. ಹಾಕಿಕೊಳ್ಳಿ, ನಾಚಿಕೆ ಬೇಡ. ಕಷ್ಟದ ಮಟ್ಟವನ್ನು ಇಳಿಸಿದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ.

ಹಂತ 4: ಮೊದಲ ದಿನವೇ ಮುಗಿಸಬೇಕಾದ ಸೆಟ್ಟಿಂಗ್

ಯಂತ್ರ ಮನೆಗೆ ಬಂದ ದಿನ ಆಡಲು ಕೂರಬೇಡಿ. ಆ ಸಂಜೆ ಇದಕ್ಕೆ ಮೀಸಲಿಡಿ, ಯಾಕೆಂದರೆ ಆಮೇಲೆ ಮಾಡುವುದಿಲ್ಲ.

ಮೊದಲು ಸಿಸ್ಟಮ್ ಅಪ್‌ಡೇಟ್ ಮುಗಿಸಿ, ಆಟಗಳನ್ನು ಡೌನ್‌ಲೋಡ್ ಮಾಡಿಟ್ಟುಬಿಡಿ. ಸ್ವಿಚ್‌ನಲ್ಲಿ ಮಲಗಿರುವಾಗಲೇ ಅಪ್‌ಡೇಟ್ ಇಳಿಸಿಕೊಳ್ಳುವ ಆಯ್ಕೆಯಿದೆ, ಆನ್ ಮಾಡಿ. ಹತ್ತು ನಿಮಿಷದ ಬಿಡುವಿನಲ್ಲಿ ಅಪ್‌ಡೇಟ್‌ನ ಪಟ್ಟಿ ತುಂಬುವುದನ್ನು ನೋಡುತ್ತ ಕೂರುವ ಸಂಕಟ ಯಾರಿಗೂ ಬೇಡ.

ತಾನಾಗಿ ಮಲಗುವ ಅವಧಿಯನ್ನು ಇಳಿಸಿ. ಕೈಲಿ ಹಿಡಿದು ಆಡುವಾಗ ಎಷ್ಟು ಹೊತ್ತು ಬಟನ್ ಒತ್ತದಿದ್ದರೆ ಮಲಗಬೇಕು ಎಂಬುದನ್ನು ಸ್ವಿಚ್‌ನಲ್ಲಿ ಒಂದು ನಿಮಿಷದಷ್ಟು ಕಡಿಮೆ ಇಡಬಹುದು. ಮೂರು ನಿಮಿಷ ಇಟ್ಟರೆ ಸರಿಹೋಗುತ್ತದೆ. ಮಗು ಕಿರುಚಿ ನೀವು ಎಲ್ಲ ಬಿಟ್ಟು ಓಡಿದಾಗ ಬಟನ್ ಒತ್ತುವುದೂ ಮರೆಯುತ್ತದೆ, ಆಗ ಅದು ತಾನೇ ಮಲಗಿಕೊಳ್ಳಲಿ.

ವೈಬ್ರೇಶನ್ ಪೂರ್ತಿ ಆಫ್. ಮಗು ತೋಳಿನಲ್ಲಿರುವಾಗ ಯಂತ್ರ ಗುರ್ರೆಂದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ತಾನಾಗಿ ಬದಲಾಗುವ ಬ್ರೈಟ್‌ನೆಸ್ ಆಫ್ ಮಾಡಿ, ಕೈಯಾರೆ ತಗ್ಗಿಸಿಕೊಳ್ಳಿ. ಮೆನು ಬಣ್ಣವನ್ನು ಕಪ್ಪಿಗೆ ಬದಲಿಸಿ, ಬಿಳಿ ಮೆನು ಕತ್ತಲೆಯಲ್ಲಿ ಟಾರ್ಚ್ ಬಿಟ್ಟಂತೆ ಹೊಳೆಯುತ್ತದೆ. ಬಟನ್‌ಗಳ ಕೆಲಸ ಅದಲುಬದಲು ಮಾಡುವ ಸೌಲಭ್ಯ ಸ್ವಿಚ್‌ಗೆ 2020ರ ಅಪ್‌ಡೇಟ್‌ನಲ್ಲಿ ಬಂತು, ಸ್ಟೀಮ್ ಡೆಕ್‌ನಲ್ಲಿ ಇನ್ನೂ ವಿಸ್ತಾರವಾಗಿದೆ. ಒಂದು ಕೈಯ ಆಟಕ್ಕೆ ಬೇಕಾದ ಮೂರು ನಾಲ್ಕು ಬಟನ್‌ಗಳನ್ನು ಒಂದೇ ಬದಿಗೆ ತಂದುಕೊಳ್ಳಿ.

ಸದ್ದಿಗೆ ಬ್ಲೂಟೂತ್ ಇಯರ್‌ಫೋನ್ ಸಾಕು. ಸ್ವಿಚ್‌ನಲ್ಲಿ ಆ ಸೌಲಭ್ಯ 2021ರ ಸೆಪ್ಟೆಂಬರ್‌ನಿಂದ ಇದೆ. ಆದರೆ ಹಾಕಿಕೊಳ್ಳುವುದು ಒಂದೇ ಕಿವಿಗೆ. ಇನ್ನೊಂದು ಕಿವಿ ಮಗುವಿನದು. ಹೊರಗಿನ ಸದ್ದು ತಡೆಯುವ ಹೆಡ್‌ಫೋನ್‌ಗಳನ್ನು ಈ ಒಂದೆರಡು ವರ್ಷ ಕಪಾಟಿನಲ್ಲಿಟ್ಟಿರಿ.

ಕೊನೆಯದಾಗಿ ಕೊಳ್ಳುವಿಕೆಗೆ ಪಾಸ್‌ವರ್ಡ್. ಕಾರ್ಡ್ ವಿವರ ಉಳಿಸಿಟ್ಟ ಯಂತ್ರವನ್ನು ಎರಡು ವರ್ಷದ ಮಗು ಕೈಗೆತ್ತಿಕೊಂಡು ಬಟನ್ ಅದುಮುತ್ತ ಹೋದರೆ ಎಲ್ಲಿಗೆ ಬೇಕಾದರೂ ತಲುಪೀತು. ಸ್ವಿಚ್‌ನ ಸ್ಕ್ರೀನ್ ಲಾಕ್‌ನಲ್ಲಿ ಎಚ್ಚರಗೊಳಿಸಲು ಒಂದೇ ಬಟನ್ನನ್ನು ಮೂರು ಸಲ ಒತ್ತಬೇಕು, ಬ್ಯಾಗಿನಲ್ಲಿ ಆಕಸ್ಮಿಕವಾಗಿ ಏಳದಂತೆ ಅದು ತಡೆಯುತ್ತದೆ. ಮಗುವನ್ನು ತಡೆಯುವುದಿಲ್ಲ. ಸ್ಟೀಮ್ ಡೆಕ್‌ಗೆ ಪಿನ್ ಹಾಕಬಹುದು, ಅದು ತಡೆಯುತ್ತದೆ.

ಹಂತ 5: ಮಗು ತೋಳಲ್ಲಿರುವಾಗ

ಈ ಭಾಗವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಗುವನ್ನು ಎತ್ತಿಕೊಂಡು ಸೋಫಾದಲ್ಲೋ ಆರಾಮಕುರ್ಚಿಯಲ್ಲೋ ದೊಡ್ಡವರು ನಿದ್ದೆ ಹೋಗುವುದು ಹಸುಗೂಸಿನ ಜೀವಕ್ಕೆ ಅಪಾಯ. ಮಗು ಮೆತ್ತೆಯ ಸಂದಿಗೆ ಜಾರಿ ಉಸಿರುಕಟ್ಟಬಹುದು. ಆಟ ಆಡುತ್ತಿದ್ದರೆ ಎಚ್ಚರ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಸ್ವಲ್ಪ ಹೊತ್ತು ನಿಜ, ಹಾಗೆಂದು ಅದನ್ನೇ ನೆಚ್ಚಬೇಡಿ. ಕಣ್ಣೆಳೆಯತೊಡಗಿತೆಂದರೆ ಆಟ ನಿಲ್ಲಿಸಿ, ಮಗುವನ್ನು ತೊಟ್ಟಿಲಿನಲ್ಲಿ ಬೆನ್ನಿನ ಮೇಲೆ ಮಲಗಿಸಿ, ನೀವೂ ಮಲಗಿ. ಮಗು ಎದ್ದರೂ ಪರವಾಗಿಲ್ಲ.

ಯಂತ್ರವನ್ನು ಮಗುವಿನ ನೇರ ಮೇಲೆ ಹಿಡಿಯಬೇಡಿ. ಅರ್ಧ ಕಿಲೋ ಮೀರಿದ ವಸ್ತು ಜಾರಿ ಬೀಳುವುದು ಅದರ ಮುಖದ ಮೇಲೆ. ಮೇಜಿನ ಮೇಲೆ ನಿಲ್ಲಿಸಿ, ಇಲ್ಲವೇ ಪಕ್ಕದ ದಿಂಬಿಗೆ ಒರಗಿಸಿ. ದಿಂಬಿಗೆ ಒರಗಿಸುವಾಗ ಗಾಳಿಯ ಕಿಂಡಿ ಮುಚ್ಚದಿರಲಿ. ಫ್ಯಾನ್ ಇರುವ ಯಂತ್ರಗಳು ಮೇಲ್ಬದಿಯಿಂದ ಬಿಸಿಗಾಳಿ ಬಿಡುತ್ತವೆ, ಅದು ಮಗುವಿನ ಕಡೆಗೆ ತಿರುಗಿರಬಾರದು. ಚಾರ್ಜಿಂಗ್ ಕೇಬಲ್ ತೊಟ್ಟಿಲಿನ ಹತ್ತಿರ ಸುಳಿಯಲೇ ಕೂಡದು.

ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಕಡೆಗೆ ನೋವು ಬರುತ್ತಿದೆಯೇ? ಮಗುವನ್ನು ಮತ್ತೆಮತ್ತೆ ಎತ್ತುವ ಹೊಸ ತಾಯಂದಿರಲ್ಲಿ ಇದು ಬಹಳ ಸಾಮಾನ್ಯ. ಸ್ನಾಯುರಜ್ಜುವಿನ ಸುತ್ತಲ ಪೊರೆ ಊದಿಕೊಂಡು ಬರುವ ಈ ತೊಂದರೆಗೆ ವೈದ್ಯರು ಡಿ ಕ್ವೆರ್ವೇನ್ ಎನ್ನುತ್ತಾರೆ. ಭಾರದ ಹ್ಯಾಂಡ್‌ಹೆಲ್ಡ್ ಹಿಡಿದು ಹೆಬ್ಬೆರಳಿನಿಂದ ಸ್ಟಿಕ್ ತಿರುಗಿಸುವುದು ಅದೇ ಜಾಗಕ್ಕೆ ಇನ್ನಷ್ಟು ಹೊರೆ. ನೋವಿದ್ದರೆ ಆಟಕ್ಕೆ ರಜೆ ಕೊಟ್ಟು ವೈದ್ಯರಿಗೆ ತೋರಿಸಿ.

ಮಗುವಿನ ನೋಟದ ವಿಷಯ. ಹುಟ್ಟಿದ ಹೊಸತರಲ್ಲಿ ಮಗುವಿಗೆ ಸ್ಪಷ್ಟವಾಗಿ ಕಾಣುವುದು ಇಪ್ಪತ್ತು ಮೂವತ್ತು ಸೆಂಟಿಮೀಟರ್ ದೂರ ಮಾತ್ರ. ತೋಳಲ್ಲಿ ಹಿಡಿದಾಗ ನಿಮ್ಮ ಮುಖ ಇರುವುದು ಸರಿಯಾಗಿ ಅಷ್ಟೇ ದೂರದಲ್ಲಿ. ಎಚ್ಚರವಿದ್ದು ನಿಮ್ಮನ್ನೇ ನೋಡುತ್ತಿದ್ದರೆ ಯಂತ್ರ ಕೆಳಗಿಡಿ. ಆಟವೇನಿದ್ದರೂ ಅದು ಕಣ್ಣು ಮುಚ್ಚಿದ ಮೇಲೆ.

ಹಂತ 6: ಇಡುವ ಜಾಗ

ಸ್ವಿಚ್‌ನ ಕಾರ್ಟ್ರಿಡ್ಜ್ ಉಗುರಿಗಿಂತ ಸ್ವಲ್ಪ ದೊಡ್ಡದು, ಮೆಮೊರಿ ಕಾರ್ಡ್ ಇನ್ನೂ ಚಿಕ್ಕದು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿಗೆ ಎರಡೂ ಅಪಾಯ. ಮಕ್ಕಳು ನುಂಗದಿರಲೆಂದೇ ನಿಂಟೆಂಡೊ ಕಾರ್ಟ್ರಿಡ್ಜ್‌ಗಳಿಗೆ ಡೆನಟೋನಿಯಂ ಬೆಂಜೋಯೇಟ್ ಎಂಬ ಕಡುಕಹಿ ಲೇಪ ಹಚ್ಚುತ್ತದೆ. ಕುತೂಹಲಕ್ಕೆ ನೆಕ್ಕಿ ನೋಡಿದ ದೊಡ್ಡವರೂ ಬಹಳ ಮಂದಿ ಇದ್ದಾರೆ. ಆ ಕಹಿಯನ್ನು ನಂಬಿ ಕಾರ್ಟ್ರಿಡ್ಜನ್ನು ನೆಲದಲ್ಲಿ ಬಿಡಬೇಡಿ. ಮಗುವಿಗೆ ಮೂರು ವರ್ಷವಾಗುವವರೆಗೆ ಆಟಗಳನ್ನು ಡೌನ್‌ಲೋಡ್ ರೂಪದಲ್ಲೇ ಕೊಳ್ಳುವುದು ವಾಸಿ. ಕತ್ತಲಲ್ಲಿ ಕಾರ್ಟ್ರಿಡ್ಜ್ ಬದಲಿಸುವ ಗೋಜೂ ಇಲ್ಲ. ಮಾರಿ ಹಣ ವಾಪಸ್ ಪಡೆಯಲು ಆಗುವುದಿಲ್ಲ, ಅದೊಂದು ನಷ್ಟ.

ಸ್ಕ್ರೀನಿಗೆ ಗಾಜಿನ ರಕ್ಷಾಕವಚ ಹಾಕಿಸಿ. ಸ್ವಿಚ್ ಓಎಲ್‌ಇಡಿ ಮತ್ತು ಸ್ವಿಚ್ 2ರ ಮೇಲೆ ಕಂಪನಿಯೇ ಅಂಟಿಸಿದ ಒಂದು ಪಾರದರ್ಶಕ ಪೊರೆ ಇರುತ್ತದೆ. ಗಾಜು ಒಡೆದರೆ ಚೂರುಗಳು ಹಾರದಿರಲೆಂದು ಇರುವ ಪೊರೆ ಅದು. ಪ್ಯಾಕಿಂಗ್ ಎಂದುಕೊಂಡು ಕೀಳಬೇಡಿ, ಅದರ ಮೇಲೇ ಗಾಜು ಹಾಕಿಸಿ.

ಹಂತ 7: ಜೊತೆಗಾರರೊಡನೆ ಒಪ್ಪಂದ

ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಒಂದು ಕೆಟ್ಟ ಗುಣವೂ ಇದೆ. ಅದು ಮನೆಯ ಯಾವ ಮೂಲೆಗೂ ಬರುತ್ತದೆ. ಒಬ್ಬರು ಬಟ್ಟೆ ಮಡಿಸುತ್ತಿರುವಾಗ ಇನ್ನೊಬ್ಬರು ಪಕ್ಕದಲ್ಲೇ ಕೂತು ಆಡುತ್ತಿದ್ದರೆ ಟಿವಿ ಮುಂದೆ ಕೂತಿದ್ದಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ. ಇಬ್ಬರಿಗೂ ಬಿಡುವು ಸಮನಾಗಿ ಸಿಗುತ್ತಿದೆಯೇ ಎಂಬುದನ್ನು ಬಾಯಿಬಿಟ್ಟು ಮಾತಾಡಿಕೊಳ್ಳಿ. ಮಗು ಬೇಗ ಮಲಗಿದ ರಾತ್ರಿ ಆಡಬೇಕೋ ಮಲಗಬೇಕೋ ಎಂಬ ಪ್ರಶ್ನೆ ಬಂದರೆ, ಮೊದಲ ಆರು ತಿಂಗಳು ಉತ್ತರ ಮಲಗುವುದೇ.

ಹಂತ 8: ಮಗು ತಾನೂ ಆಡುತ್ತೇನೆ ಎಂದಾಗ

ಎಂದೇ ಎನ್ನುತ್ತದೆ. ಹುಟ್ಟಿದಾಗಿನಿಂದ ನಿಮ್ಮ ಕೈಯಲ್ಲಿ ನೋಡಿದ ಹೊಳೆಯುವ ವಸ್ತು ಅದು. ಒಂದು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ ಎಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಒಂದು ಗಂಟೆಯಲ್ಲಿ ಟಿವಿ, ಫೋನು ಎಲ್ಲ ಸೇರಿತು. ಆದ್ದರಿಂದ ಮೂರು ವರ್ಷಕ್ಕೆ ಮೊದಲು ನಿಮ್ಮ ಯಂತ್ರ ಮಗುವಿನ ಕಣ್ಣಿಗೆ ಬೀಳದಂತೆ ಇಟ್ಟರೆ ಅರ್ಧ ರಂಪ ತಪ್ಪುತ್ತದೆ. ಹಟ ಹಿಡಿದಾಗ ಸುಮ್ಮನಿರಿಸಲು ಕೊಡುವ ಅಭ್ಯಾಸ ಮಾಡಿಕೊಂಡರೆ ಅದು ನಿಮ್ಮ ಯಂತ್ರವಾಗಿ ಉಳಿಯುವುದಿಲ್ಲ.

ಜೊತೆಗೆ ಆಡುವ ಕಾಲ ಬಂದಾಗ ಟಿವಿಗೆ ಜೋಡಿಸಿ, ಪಕ್ಕದಲ್ಲಿ ಕೂತು ಆಡಿ. ಹ್ಯಾಂಡ್‌ಹೆಲ್ಡ್ ಸ್ಕ್ರೀನ್ ಒಬ್ಬರದ್ದು, ಟಿವಿ ಎಲ್ಲರದ್ದು. ಆಟದ ಡಬ್ಬಿಯ ಮೇಲಿನ ವಯಸ್ಸಿನ ಗುರುತು ನೋಡಿ. ಪೆಗಿ 3, ಪೆಗಿ 7 ಎಂಬಂಥ ಅಂಕಿಗಳು ವಿಷಯ ಎಷ್ಟನೇ ವಯಸ್ಸಿಗೆ ಸೂಕ್ತ ಎನ್ನುತ್ತವೆ, ಆಟ ಎಷ್ಟು ಕಷ್ಟ ಎಂಬುದನ್ನಲ್ಲ. ಪೆಗಿ 3 ಇರುವ ಆಟ ಮೂವತ್ತರವರನ್ನೂ ಬೆವರಿಳಿಸಬಹುದು. ಸೂಪರ್ ಮಾರಿಯೊ ಒಡಿಸ್ಸಿಯಲ್ಲಿ ನೀವು ಮಾರಿಯೊ ಆಗಿ, ಮಗುವಿಗೆ ಅವನ ಟೋಪಿಯನ್ನು ಹಾರಿಸುವ ಕೆಲಸ ಕೊಡಬಹುದು. ಮಗು ಏನು ಒತ್ತಿದರೂ ದೊಡ್ಡ ನಷ್ಟವಿಲ್ಲ.

ಮಾರಿಯೊ ಕಾರ್ಟ್ 8 ಡಿಲಕ್ಸ್ ನಾಲ್ಕು ವರ್ಷದ ಮಗುವಿನ ಜೊತೆಗೆ ಚೆನ್ನಾಗಿ ನಡೆಯುತ್ತದೆ. ಗಾಡಿ ಆರಿಸುವ ಪುಟದಲ್ಲಿ ಎರಡು ಆಯ್ಕೆಗಳಿವೆ. ಸ್ಮಾರ್ಟ್ ಸ್ಟೀರಿಂಗ್ ಗಾಡಿ ರಸ್ತೆ ಬಿಟ್ಟು ಬೀಳದಂತೆ ಹಿಡಿಯುತ್ತದೆ, ಆಟೋ ಆಕ್ಸಿಲರೇಟ್ ಬಟನ್ ಒತ್ತದೆಯೇ ಓಡಿಸುತ್ತದೆ. ಮಗುವಿನ ಕಂಟ್ರೋಲರ್‌ಗೆ ಎರಡನ್ನೂ ಆನ್ ಮಾಡಿ, ನಿಮ್ಮದಕ್ಕೆ ಆಫ್ ಮಾಡಿ.

ಮಗುವಿಗೆ ಪ್ರತ್ಯೇಕ ಪ್ರೊಫೈಲ್ ಮಾಡಿಕೊಡಿ. ಸ್ವಿಚ್‌ನಲ್ಲಿ ಎಂಟು ಪ್ರೊಫೈಲ್‌ವರೆಗೆ ಜಾಗವಿದೆ, ಒಬ್ಬೊಬ್ಬರ ಸೇವ್ ಬೇರೆಬೇರೆ. ಸಮಯದ ಮಿತಿಯನ್ನು ಫೋನಿನ ಪೇರೆಂಟಲ್ ಕಂಟ್ರೋಲ್ಸ್ ಆ್ಯಪ್‌ನಿಂದ ಹಾಕಬಹುದು. ಒಂದು ವಿಷಯ ಗಮನದಲ್ಲಿರಲಿ: ಮೊದಲ ಪೀಳಿಗೆಯ ಸ್ವಿಚ್‌ನಲ್ಲಿ ಆ ಮಿತಿ ಮಗುವಿನ ಪ್ರೊಫೈಲ್‌ಗಷ್ಟೇ ಅಲ್ಲ, ಇಡೀ ಯಂತ್ರಕ್ಕೆ ಅನ್ವಯಿಸುತ್ತದೆ. ಹಗಲಲ್ಲಿ ಮಗು ತನ್ನ ಪಾಲು ಮುಗಿಸಿದ್ದರೆ ರಾತ್ರಿ ನೀವು ಕೂತಾಗ ಇಂದಿನ ಸಮಯ ಮುಗಿಯಿತು ಎಂದು ಯಂತ್ರ ನಿಮಗೇ ಹೇಳುತ್ತದೆ. ಪಿನ್ ಹಾಕಿದರೆ ಆ ದಿನದ ಮಟ್ಟಿಗೆ ಮಿತಿ ತೆಗೆಯುತ್ತದೆ. ಪಿನ್ ನೆನಪಿಟ್ಟುಕೊಳ್ಳಿ, ಮಗುವಿನ ಹುಟ್ಟಿದ ದಿನಾಂಕ ಮಾತ್ರ ಇಡಬೇಡಿ.